ಪೇಟೆಯ ಮನೆಯಿಂದ ಉದ್ಯಾನದ ಗೇಟಿನವರೆಗೆ

ನಗರ ಯೋಜನೆಯ ವರದಿಗಳಲ್ಲಿ ಹಸಿರು ಜಾಗವನ್ನು ನಾವು ಬಹುತೇಕ ತಲಾವಾರು ಲೆಕ್ಕದಲ್ಲೇ ಬರೆಯುತ್ತೇವೆ. ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿಯ ಪ್ರಕಾರ ಒಬ್ಬರಿಗೆ 10ರಿಂದ 12 ಚದರ ಮೀಟರ್ ತೆರೆದ ಜಾಗವಿರಬೇಕು. ಲಾಲ್‌ಬಾಗಿನ 240 ಎಕರೆಯನ್ನು ಸೇರಿಸಿದ ಕೂಡಲೇ ಬೆಂಗಳೂರಿನ ಸರಾಸರಿ ಏರುತ್ತದೆ; ಆದರೆ ಚಿಕ್ಕಪೇಟೆಯ ಓಣಿಯಲ್ಲಿ ಅಂಗಡಿಯ ಮೇಲಿನ ಮನೆಯಲ್ಲಿರುವ ಮಗುವಿಗೆ, ಮಂಡಿನೋವಿನ ಅಜ್ಜಿಗೆ ಅದರಿಂದ ಒಂದು ಮರದ ನೆರಳೂ ಹೆಚ್ಚಾಗಿ ದಕ್ಕುವುದಿಲ್ಲ. ಆದ್ದರಿಂದ ಹಳೆಯ, ಕಿಕ್ಕಿರಿದ ಭಾಗಗಳಿಗೆ ವಿಸ್ತೀರ್ಣಕ್ಕಿಂತ ನಡಿಗೆಯ ದೂರವೇ ಮೊದಲ ಮಾನದಂಡವಾಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಬಳಕೆಯಲ್ಲಿರುವ ಮಾನದಂಡವೊಂದು ಮನೆಯಿಂದ 300 ಮೀಟರಿನೊಳಗೆ, ಅಂದರೆ ಐದು ನಿಮಿಷದ ನಡಿಗೆಯಲ್ಲಿ, ಕನಿಷ್ಠ 2 ಹೆಕ್ಟೇರ್ ಹಸಿರು ಜಾಗವನ್ನು ಕೇಳುತ್ತದೆ. ಪೇಟೆಯೊಳಗೆ ಐದು ಎಕರೆ ಹುಡುಕುವುದು ಆಗದ ಮಾತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಅದೇ ದೂರಕ್ಕೆ ಸೂಚಿಸಿರುವ ಅರ್ಧ ಹೆಕ್ಟೇರ್, ಅಂದರೆ ಸುಮಾರು ಒಂದೂಕಾಲು ಎಕರೆ, ನಮ್ಮ ಗುರಿಯಾಗಬಹುದು.

ನಮ್ಮ ಕಾನೂನು ಹಸಿರನ್ನು ಕೇಳುವುದೇ ಇಲ್ಲವೆಂದಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆ, ಪ್ರಾಧಿಕಾರದ ಬಡಾವಣೆಯ ಶೇ 15ರಷ್ಟು ಜಾಗವನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೆ ಬಿಡಬೇಕೆನ್ನುತ್ತದೆ. ಆದರೆ ಅದು ಹೊಸ ಬಡಾವಣೆಗಳ ನಿಯಮ. ಕೆಂಪೇಗೌಡರ ಕಾಲದ ಪೇಟೆಯನ್ನು ಅದು ತಲುಪುವುದಿಲ್ಲ. ಪೇಟೆಯ ಅಂಚಿನಲ್ಲಿದ್ದ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಇರುವುದನ್ನು ಉಳಿಸಿಕೊಳ್ಳಲು ಮಾತ್ರ ಒಂದು ಗಟ್ಟಿ ಆಧಾರವಿದೆ: ಸದಾಶಿವನಗರದ ಉದ್ಯಾನದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದು ತಪ್ಪೆಂದು ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪಿತ್ತಿತು. ಇಂಥ ಪ್ರಕರಣಗಳಲ್ಲಿ ನಾನು ಮೊದಲು ತೆರೆದು ನೋಡುವುದು ಅದನ್ನೇ.

ದೂರವನ್ನು ಅಳೆಯುವ ಬಗೆಯಲ್ಲೂ ನಾವು ಎಡವುತ್ತೇವೆ. ಉದ್ಯಾನದ ನಡುವೆ ಕೈವಾರದ ಮೊನೆಯಿಟ್ಟು ವೃತ್ತ ಎಳೆದರೆ ಅದರೊಳಗಿನ ಮನೆಗಳೆಲ್ಲ ಸೌಲಭ್ಯ ಪಡೆದಂತೆ ತೋರುತ್ತವೆ. ಜನರಾದರೋ ಬೀದಿಯಲ್ಲಿ ನಡೆಯುತ್ತಾರೆ, ದಾಟಲಾಗದ ರಸ್ತೆಯ ಮುಂದೆ ನಿಲ್ಲುತ್ತಾರೆ, ಕಾಂಪೌಂಡಿನ ಸುತ್ತ ಅಲೆದು ಇರುವ ಒಂದೇ ಗೇಟನ್ನು ಮುಟ್ಟುತ್ತಾರೆ, ಕೆಲವೊಮ್ಮೆ ಅದಕ್ಕೆ ಬೀಗ ಬಿದ್ದಿರುವುದನ್ನೂ ಕಾಣುತ್ತಾರೆ. ಹಾಗಾಗಿ 300 ಮೀಟರನ್ನು ಮನೆಯ ಬಾಗಿಲಿನಿಂದ ತೆರೆದ ಗೇಟಿನವರೆಗೆ, ಕಾಲುದಾರಿಯ ಮೇಲೆಯೇ ಅಳೆಯಬೇಕು. ಹಾಗೆ ಅಳೆದಾಗ ಪರಿಹಾರವೂ ಕೆಲವೊಮ್ಮೆ ಕಣ್ಣಿಗೆ ಬೀಳುತ್ತದೆ: ಹಿಂಬದಿಯ ಗೋಡೆಯಲ್ಲಿ ಇನ್ನೊಂದು ಗೇಟು ತೆರೆದರೆ, ಒಂದು ಗುಂಟೆ ಭೂಮಿಯನ್ನೂ ಸ್ವಾಧೀನಪಡಿಸಿಕೊಳ್ಳದೆ, ಹಿಂದಿನ ಬೀದಿಗಳ ಮನೆಗಳು ಆ ಐದು ನಿಮಿಷದೊಳಗೆ ಬಂದುಬಿಡುತ್ತವೆ.