ಕುಡಿ ಕಡಿದರೆ ಮುಳುಗುವ ಹಾಸು

ನೀರಿನ ಮೇಲೆ ಹಾಸಿನಂತೆ ಹರಡಿ ತೇಲುವ ಸಾಲ್ವೀನಿಯಾ ಮೊಲೆಸ್ಟಾ ಎಂಬ ಜರೀಗಿಡದ ಕಳೆ ಹದ ಸಿಕ್ಕರೆ ಎರಡು ಮೂರು ದಿನಕ್ಕೆ ಇಮ್ಮಡಿಯಾಗುತ್ತದೆ. ಅದನ್ನು ತಿನ್ನುವ ಸಿರ್ಟೋಬೇಗಸ್ ಸಾಲ್ವೀನಿಯೇ ಎಂಬ ಕಪ್ಪು ಮೂತಿಹುಳುವಿನ ಉದ್ದ ಎರಡು ಮಿಲಿಮೀಟರಿನಷ್ಟು. ಹೆಣ್ಣು ಕೆಲವು ದಿನಗಳಿಗೊಂದು ಮೊಟ್ಟೆ ಇಡುತ್ತದೆ, ಅದು ಬೆಳೆದು ಮೂತಿಹುಳುವಾಗಲು ವಾರಗಳೇ ಬೇಕು. ಲೆಕ್ಕದ ಪ್ರಕಾರ ಗಿಡವೇ ಗೆಲ್ಲಬೇಕು. ಆದರೆ 1980ರಲ್ಲಿ ಆಸ್ಟ್ರೇಲಿಯಾದ ಮೂಂಡಾರಾ ಸರೋವರಕ್ಕೆ ಬಿಟ್ಟ ಈ ಹುಳು ಒಂದೂವರೆ ವರ್ಷ ತುಂಬುವ ಮೊದಲೇ ಸುಮಾರು 200 ಹೆಕ್ಟೇರ್ ಹಾಸನ್ನು ಮುಳುಗಿಸಿತು.

ಎಷ್ಟು ತಿನ್ನುತ್ತದೆ ಎನ್ನುವುದಕ್ಕಿಂತ ಎಲ್ಲಿ ತಿನ್ನುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ದೊಡ್ಡ ಹುಳು ಕುಡಿಯನ್ನು ಕಡಿಯುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಕುಡಿ ಹೋದ ಗಿಡ ಪಕ್ಕದ ಮೊಗ್ಗನ್ನು ಚಿಗುರಿಸುತ್ತದೆ, ಹುಳು ಅದನ್ನೂ ಕಡಿಯುತ್ತದೆ. ಕೂಡಿಟ್ಟ ಸತ್ವ ಹೀಗೆ ತೀರಿ, ಎಲೆ ಕಂದಾಗಿ, ಕಾಂಡ ತುಂಡಾಗಿ ಗಿಡ ನೀರು ಕುಡಿದು ಮುಳುಗುತ್ತದೆ. ಇದಕ್ಕೂ ಮೊದಲು ಆಫ್ರಿಕಾದಲ್ಲಿ ಬಿಟ್ಟಿದ್ದು ಇದರ ದಾಯಾದಿ ಸಿರ್ಟೋಬೇಗಸ್ ಸಿಂಗುಲಾರಿಸನ್ನು. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಅದಕ್ಕೆ ಕುಡಿಗಿಂತ ಎಲೆ ಇಷ್ಟ, ಹಾಗಾಗಿ ಅದು ಅಲ್ಲಿ ನೆಲೆಯೂರಿದರೂ ಕಳೆ ಜಗ್ಗಲಿಲ್ಲ.

ಪಪುವಾ ನ್ಯೂಗಿನಿಯ ಸೆಪಿಕ್ ನದಿಯಲ್ಲಿ ಸರಿಯಾದ ಹುಳುವೇ ಮೊದಮೊದಲು ಸೋತಿತು. ಗಿಡದಲ್ಲಿ ಸಾರಜನಕ ಸಾಲದಿದ್ದುದೇ ಕಾರಣ. ಒಣತೂಕದ ಶೇ. 1ಕ್ಕಿಂತ ಕೆಳಗಿಳಿದರೆ ಹುಳುವಿನ ಸಂತತಿ ಏಳುವುದು ಕಷ್ಟ. ಅಲ್ಲಿ ಗಿಡದ ಹಾಸಿನ ಮೇಲೆ ಯೂರಿಯಾ ಸಿಂಪಡಿಸಿದರು. ಕಳೆಗೇ ಗೊಬ್ಬರ! ಹುಳು ಹೆಚ್ಚಿತು, ಕುಡಿಗಳು ಹಾಳಾದವು. ಹಾನಿಯಾದ ಗಿಡದ ಹೊಸ ಚಿಗುರಿನಲ್ಲಿ ಸಾರಜನಕ ಹೆಚ್ಚಿರುತ್ತದೆ. ಆಮೇಲೆ ಯೂರಿಯಾ ಬೇಕಾಗಲಿಲ್ಲ, ತಾನು ಮಾಡಿದ ಗಾಯವೇ ಹುಳುವಿಗೆ ಊಟ ಒದಗಿಸಿತು.

ಚಳಿ ಇನ್ನೊಂದು ತೊಡಕು. ನೀರು ಸುಮಾರು 21 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮೊಟ್ಟೆ ಇಡುವುದು ನಿಲ್ಲುತ್ತದೆ. ಆದ್ದರಿಂದ ಬೆಚ್ಚನೆಯ ಕಾಲದ ಆರಂಭದಲ್ಲೇ ಬಿಡಬೇಕು. ಹುಳು ಬೇರ್ಪಡಿಸುವ ಗೋಜಿಗೆ ಹೋಗದೆ, ಹುಳು ಹಿಡಿದ ಗಿಡಗಳನ್ನೇ ಒಯ್ದು ಹಸಿರು ಹಾಸಿನ ನಡುವೆ ಸೇರಿಸುವುದು ಸುಲಭ. ದಾರಿಯಲ್ಲಿ ರಾಶಿ ಒಟ್ಟಿದರೆ ಒಳಗೇ ಬಿಸಿಯೇರಿ ಎಲ್ಲ ಬೆಂದುಹೋಗುತ್ತವೆ.

ಹುಳುಗಳ ಎಣಿಕೆಗೆ ಕಣ್ಣಂದಾಜು ಸಾಲದು. 32 ಸೆಂಟಿಮೀಟರ್ ಬದಿಯ ಚೌಕಟ್ಟು, ಅಂದರೆ ಸುಮಾರು ಚದರ ಮೀಟರಿನ ಹತ್ತನೇ ಒಂದು ಭಾಗ, ಇಟ್ಟು ಒಳಗಿನ ಗಿಡಗಳನ್ನೆಲ್ಲ ತೆಗೆಯಬೇಕು. ಅವನ್ನು ಜಾಲರಿಯ ಮೇಲೆ ಹರಡಿ, ಮೇಲೊಂದು ಬಲ್ಬು ಉರಿಸಿ, ಕೆಳಗೆ ಆಲಿಕೆ ಮತ್ತು ಆಲ್ಕೋಹಾಲ್ ಸೀಸೆ ಇಟ್ಟರೆ ಗಿಡ ಒಣಗಿದಂತೆ ಹುಳುಗಳು ಕೆಳಗಿಳಿದು ಸೀಸೆಗೆ ಬೀಳುತ್ತವೆ. ಬಿಸಿ ಅತಿಯಾದರೆ ಮರಿಹುಳುಗಳು ಕಾಂಡದೊಳಗೇ ಸತ್ತು ಎಣಿಕೆ ತಪ್ಪುತ್ತದೆ. ಚದರ ಮೀಟರಿಗೆ ದೊಡ್ಡವು 300, ಮರಿಗಳು 900ರ ಆಸುಪಾಸು ತಲುಪಿದರೆ ಹಾಸು ಕುಸಿಯುವ ಕಾಲ ಬಂತೆಂದೇ ಲೆಕ್ಕ.

ಹಾಸು ಮುಳುಗಿದ ಮೇಲೆ ಹುಳುವಿಗೂ ಬರಗಾಲ. ಉಳಿದ ನಾಲ್ಕಾರು ಗಿಡಗಳಿಗೆ ಮುತ್ತಿ, ಅವೂ ಮುಗಿದರೆ ಹಸಿವಿನಿಂದ ಸಾಯುತ್ತದೆ. ಈ ಹೊತ್ತಿನಲ್ಲಿ ಅಳಿದುಳಿದದ್ದಕ್ಕೆಲ್ಲ ಕಳೆನಾಶಕ ಹೊಡೆಯುವುದು ದೊಡ್ಡ ತಪ್ಪು. ಜೊಂಡಿನ ಸಂದಿಯಲ್ಲಿ ಉಳಿದ ಒಂದು ತುಂಡು ಕಾಂಡ ಹಾಸನ್ನು ಮತ್ತೆ ಕಟ್ಟಬಲ್ಲದು, ಅದನ್ನು ತಿನ್ನಲು ಮಾತ್ರ ಹುಳುವೇ ಇರುವುದಿಲ್ಲ. ಅಂಚಿನಲ್ಲಿ ಹುಳು ಇರುವ ಒಂದಿಷ್ಟು ಗಿಡಗಳನ್ನು ಬಿಟ್ಟುಬಿಡಬೇಕು.