ಕಾಕ್‌ಟೇಲ್‌ಗೆ ಆ ಎರಡು ಹನಿ ಕಹಿ ಯಾಕೆ?

ಮನೆಯಲ್ಲಿ ಕಾಕ್‌ಟೇಲ್ ಮಾಡಲು ಹೊರಟವರೆಲ್ಲ ಒಂದಲ್ಲ ಒಂದು ದಿನ ಇಲ್ಲಿಗೆ ಬಂದು ನಿಲ್ಲುತ್ತಾರೆ. ವಿಸ್ಕಿ ಇದೆ, ಸಕ್ಕರೆ ಇದೆ, ಐಸ್ ಇದೆ. ರೆಸಿಪಿಯ ಕೊನೆಯಲ್ಲಿ ಮಾತ್ರ ‘ಬಿಟರ್ಸ್, ಎರಡು ಡ್ಯಾಶ್’ ಅಂತ ಇರುತ್ತದೆ. ಬಿಟರ್ಸ್ ಅಂದರೆ ಕಹಿ ಸಾರ, ಡ್ಯಾಶ್ ಅಂದರೆ ಬಾಟಲಿಯನ್ನು ಒಮ್ಮೆ ಕುಲುಕಿದರೆ ಬೀಳುವಷ್ಟು. ಎರಡು ಡ್ಯಾಶ್ ಅಂದರೆ ಒಂದೂವರೆ ಎಂಎಲ್ ಆದರೆ ಹೆಚ್ಚು. ಅಷ್ಟಕ್ಕೋಸ್ಕರ ಒಂದು ಬಾಟಲಿ ಕೊಳ್ಳಬೇಕಾ, ಬಿಟ್ಟರೆ ಯಾರಪ್ಪನ ಗಂಟೇನು ಹೋಗುತ್ತದೆ? ನಾನೂ ಹೀಗೆ ಅಂದುಕೊಂಡು ಬಹಳ ದಿನ ಅದನ್ನು ಬಿಟ್ಟೇ ಮಾಡಿದೆ. ಓಲ್ಡ್ ಫ್ಯಾಷನ್ಡ್ ಅಂತ ಹೆಸರಿಟ್ಟುಕೊಂಡು ಕುಡಿದದ್ದು ಬರೀ ಸಕ್ಕರೆ ಬೆರೆಸಿದ ವಿಸ್ಕಿ.

ಅದನ್ನು ಕಾಕ್‌ಟೇಲ್ ಅನ್ನಲೂ ಬಾರದು ಅಂತ ಗೊತ್ತಾಗಿದ್ದು ಆಮೇಲೆ. ಸುಮ್ನೆ ಹೇಳುತ್ತಿಲ್ಲ. 1806ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದಕ್ಕೆ ಓದುಗರೊಬ್ಬರು ಬರೆದು, ಈ ಕಾಕ್‌ಟೇಲ್ ಅಂದರೆ ಏನ್ರೀ ಅಂತ ಕೇಳಿದ್ದರು. ಸಂಪಾದಕರ ಉತ್ತರ: ಯಾವುದಾದರೂ ಒಂದು ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್. ಚುನಾವಣೆಗೆ ನಿಂತವರಿಗೆ ಇದು ಬಹಳ ಉಪಯೋಗ, ಇದನ್ನು ನುಂಗಿದವನು ಬೇರೆ ಏನನ್ನು ಬೇಕಾದರೂ ನುಂಗುತ್ತಾನೆ ಅಂತ ಒಂದು ಚುಚ್ಚುಮಾತನ್ನೂ ಸೇರಿಸಿದ್ದರು. ಮದ್ಯ, ಸಕ್ಕರೆ, ನೀರು ಸೇರಿಸಿದ ಪಾನೀಯಕ್ಕೆ ಆಗಲೇ ‘ಸ್ಲಿಂಗ್’ ಅಂತ ಹೆಸರಿತ್ತು. ಅದಕ್ಕೆ ಕಹಿ ಬಿದ್ದಾಗ ಮಾತ್ರ ಕಾಕ್‌ಟೇಲ್. ಅಂದರೆ ನಾವು ಯಾವುದನ್ನು ಬಿಟ್ಟರೂ ನಡೆಯುತ್ತೆ ಅಂದುಕೊಂಡಿದ್ದೆವೋ ಹೆಸರು ಬಂದಿದ್ದೇ ಅದರಿಂದ.

ಆದರೆ ಬಿಟರ್ಸ್ ಹುಟ್ಟಿದ್ದು ಬಾರ್‌ನಲ್ಲಲ್ಲ, ಔಷಧದಂಗಡಿಯಲ್ಲಿ. ಬೇರು, ತೊಗಟೆ, ಸಿಪ್ಪೆ, ಮಸಾಲೆಗಳನ್ನು ಗಟ್ಟಿ ಮದ್ಯದಲ್ಲಿ ನೆನೆಹಾಕಿ ಸಾರ ಇಳಿಸಿದ ಕಹಿ ಮದ್ದು ಅದು. ಲಂಡನ್‌ನಲ್ಲಿ ರಿಚರ್ಡ್ ಸ್ಟೌಟನ್ ಎಂಬಾತ ಇಂಥದ್ದೊಂದು ಮದ್ದಿಗೆ 1712ರಲ್ಲಿ ರಾಜಮನೆತನದ ಪೇಟೆಂಟ್ ಪಡೆದ. ಹೊಟ್ಟೆಗೆ ಒಳ್ಳೆಯದು ಅಂತ ಮಾರಿದ. ಜನ ಅದನ್ನು ವೈನ್‌ಗೋ ಬ್ರಾಂದಿಗೋ ಹಾಕಿಕೊಂಡು ಕುಡಿದರು. ಮದ್ದಿನ ನೆಪದಲ್ಲಿ ಮದ್ಯವೋ, ಮದ್ಯದ ನೆಪದಲ್ಲಿ ಮದ್ದೋ, ಕುಡಿದವರಿಗೇ ಗೊತ್ತು.

ಇವತ್ತು ಎಲ್ಲ ಬಾರ್‌ಗಳಲ್ಲೂ ಕಾಣುವ ಹಳದಿ ಮುಚ್ಚಳದ ಬಾಟಲಿಯ ಕಥೆ ಶುರುವಾಗುವುದು ಸೈನ್ಯದ ಆಸ್ಪತ್ರೆಯಲ್ಲಿ. ಯೋಹಾನ್ ಸೀಗರ್ಟ್ ಎಂಬ ಜರ್ಮನ್ ವೈದ್ಯ, ಸ್ಪೇನ್ ಆಳ್ವಿಕೆಯ ವಿರುದ್ಧ ಹೋರಾಡಿದ ಸಿಮೋನ್ ಬೊಲಿವಾರ್‌ನ ಸೈನ್ಯ ಸೇರಿ ವೆನೆಜುವೆಲಾದ ಅಂಗೊಸ್ಟುರಾ ಎಂಬ ಊರಿನಲ್ಲಿದ್ದ. ಸೈನಿಕರ ಹೊಟ್ಟೆ ಸರಿಪಡಿಸಲೆಂದು 1824ರಲ್ಲಿ ಒಂದು ಕಹಿ ಮದ್ದು ತಯಾರಿಸಿದ. ಬಾಟಲಿಗೆ ಊರಿನ ಹೆಸರೇ ಬಂತು. ಅಂಗೊಸ್ಟುರಾ ಎಂಬ ಮರದ ತೊಗಟೆಯೂ ಇದೆ, ಹಾಗಾಗಿ ಇದರಲ್ಲಿ ಅದೇ ಇರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಇಲ್ಲ. ಕಹಿ ಬರುವುದು ಮುಖ್ಯವಾಗಿ ಜೆನ್ಷಿಯನ್ ಎಂಬ ಬೇರಿನಿಂದ. 1846ರಲ್ಲಿ ಆ ಊರು ಸಿಯುದಾದ್ ಬೊಲಿವಾರ್ ಅಂತ ಹೆಸರು ಬದಲಿಸಿಕೊಂಡಿತು, 1875ರಲ್ಲಿ ಸೀಗರ್ಟ್‌ನ ಮಕ್ಕಳು ವ್ಯವಹಾರವನ್ನೇ ಟ್ರಿನಿಡಾಡ್‌ಗೆ ಎತ್ತಿಕೊಂಡು ಹೋದರು, ಹಳೇ ಹೆಸರು ಮಾತ್ರ ಬಾಟಲಿಯ ಮೇಲೆ ಉಳಿಯಿತು. ಈ ಸ್ಥಳಾಂತರವೇ ಮುಂದೆ ಅದನ್ನು ಕಾಪಾಡಿತು, ಅದಕ್ಕೆ ಬರೋಣ.

ಅತ್ತ ನ್ಯೂ ಆರ್ಲಿಯನ್ಸ್‌ನಲ್ಲಿ ಆಂಟ್ವಾನ್ ಪೇಶೋ ಎಂಬ ಔಷಧ ವ್ಯಾಪಾರಿ ತನ್ನದೇ ಕೆಂಪು ಬಿಟರ್ಸ್ ಮಾಡಿ ಮಾರುತ್ತಿದ್ದ. ಸಾಜರಾಕ್ ಎಂಬ ಕಾಕ್‌ಟೇಲ್‌ಗೆ ಇವತ್ತಿಗೂ ಅದೇ ಬೇಕು. 19ನೇ ಶತಮಾನದ ಎರಡನೇ ಅರ್ಧ ಬಿಟರ್ಸ್‌ನ ಸುಗ್ಗಿಯ ಕಾಲ: ಮ್ಯಾನ್‌ಹಟನ್ ಎಂಬ ವಿಸ್ಕಿ ಕಾಕ್‌ಟೇಲ್‌ಗೆ ಬಿಟರ್ಸ್, ಮಾರ್ಟಿನಿ ಎಂಬ ಜಿನ್ ಕಾಕ್‌ಟೇಲ್‌ಗೆ ಕಿತ್ತಳೆ ಸಿಪ್ಪೆಯ ಬಿಟರ್ಸ್, ಬ್ರಿಟಿಷ್ ನೌಕಾಪಡೆಯಲ್ಲಿ ಜಿನ್‌ಗೆ ಬಿಟರ್ಸ್ ಹಾಕಿದ ಪಿಂಕ್ ಜಿನ್. ಬಾರ್‌ನವರು ಹುಮ್ಮಸ್ಸಿನಲ್ಲಿ ಅದೂ ಇದೂ ಸಿಹಿ ಲಿಕ್ಯೂರ್ ಸುರಿಯತೊಡಗಿದಾಗ ಹಳೇ ಗಿರಾಕಿಗಳು ಬೇಸತ್ತು, ಅದೆಲ್ಲ ಬೇಡ, ಹಳೇ ರೀತಿಯದ್ದು ಕೊಡಪ್ಪಾ ಅಂದರು. ಓಲ್ಡ್ ಫ್ಯಾಷನ್ಡ್ ಎಂಬ ಹೆಸರು ಅಲ್ಲಿಂದ ಬಂತು. ಗ್ಲಾಸಿನಲ್ಲಿ ಏನಿದೆ ನೋಡಿ: ವಿಸ್ಕಿ, ಸಕ್ಕರೆ, ಕರಗಿದ ಐಸ್‌ನ ನೀರು, ಬಿಟರ್ಸ್. 1806ರ ಸಂಪಾದಕರ ಉತ್ತರವೇ ಅದು!

ಆಮೇಲೆ ಎರಡು ಪೆಟ್ಟು ಬಿತ್ತು. ಬಾಟಲಿಯಲ್ಲಿ ಎಷ್ಟು ಮದ್ಯ ಇದೆ, ಅಫೀಮು ಇದೆಯಾ ಅನ್ನುವುದನ್ನು ಲೇಬಲ್ ಮೇಲೆ ಬರೆಯಲೇಬೇಕು ಅಂತ 1906ರಲ್ಲಿ ಅಮೆರಿಕದಲ್ಲಿ ಕಾನೂನು ಬಂತು. ಸರ್ವರೋಗಕ್ಕೂ ಮದ್ದು ಅಂತ ಮಾರುತ್ತಿದ್ದವರ ಬಣ್ಣ ಬಯಲಾಯಿತು. 1920ರಿಂದ 1933ರವರೆಗೆ ಪಾನನಿಷೇಧ. ಬಾರ್‌ಗಳೇ ಮುಚ್ಚಿದ ಮೇಲೆ ಬಿಟರ್ಸ್ ಯಾರಿಗೆ ಬೇಕು? 19ನೇ ಶತಮಾನದ ಕಾಕ್‌ಟೇಲ್ ಪುಸ್ತಕಗಳಲ್ಲಿ ಬರುವ ಬೋಕರ್ಸ್‌ನಂಥ ಬಿಟರ್ಸ್ ಹೆಸರುಗಳು ಪೂರ್ತಿ ಕಾಣೆಯಾದವು. ಕಾರ್ಖಾನೆ ಟ್ರಿನಿಡಾಡ್‌ನಲ್ಲಿದ್ದದ್ದರಿಂದ ಅಂಗೊಸ್ಟುರಾ ಬದುಕಿತು. ಅದರಲ್ಲಿ ಶೇ 44.7ರಷ್ಟು ಮದ್ಯಸಾರ ಇದ್ದರೂ ಯಾರೂ ಗ್ಲಾಸುಗಟ್ಟಲೆ ಕುಡಿಯುವಂಥದ್ದಲ್ಲ ಅಂತ ಅಮೆರಿಕದಲ್ಲಿ ಅದಕ್ಕೆ ಅಡುಗೆ ಎಸೆನ್ಸ್‌ನ ಲೆಕ್ಕ.

ನಿಷೇಧ ಹೋಯಿತು, ಕಹಿಯ ರುಚಿ ಮಾತ್ರ ಬೇಗ ವಾಪಸ್ ಬರಲಿಲ್ಲ. ಮುಂದಿನ ದಶಕಗಳಲ್ಲಿ ಕಾಕ್‌ಟೇಲ್ ಅಂದರೆ ಬಣ್ಣಬಣ್ಣದ ಸಿಹಿ ಜ್ಯೂಸ್ ಅಂತಾಯಿತು. ಕಿತ್ತಳೆ ಬಿಟರ್ಸ್ ಸಿಗುವುದೇ ಅಪರೂಪ. ಗ್ಯಾರಿ ರೀಗನ್ ಎಂಬ ಲೇಖಕ ಹಳೇ ರೆಸಿಪಿ ಹಿಡಿದು ತಾನೇ ಮಾಡಿ ನೋಡಿ, 2005ರಲ್ಲಿ ಅದನ್ನು ಮಾರುಕಟ್ಟೆಗೂ ತಂದರು. ಮರುವರ್ಷ ಮ್ಯೂನಿಕ್‌ನಲ್ಲಿ ಇಬ್ಬರು ಬಾರ್‌ಟೆಂಡರ್‌ಗಳು ‘ಬಿಟರ್ ಟ್ರುತ್’ ಕಂಪನಿ ಶುರುಮಾಡಿದರು. ಅಲ್ಲಿಂದ ಚಾಕೊಲೇಟ್, ಸೆಲರಿ, ಗ್ರೇಪ್‌ಫ್ರೂಟ್ (ಚಕ್ಕೋತದಂಥ ಹಣ್ಣು) ಹೀಗೆ ಎಷ್ಟು ಬಗೆ ಬಂದಿದೆ ಅಂದರೆ, ನನ್ನ ಕೇಳಿದರೆ ಜಾಸ್ತಿಯೇ ಆಯಿತು. ಮನೆಗೆ ಎರಡು ಸಾಕು. ಒಂದು ಲವಂಗ-ಚಕ್ಕೆಯ ಘಮ ಇರುವ ಕಂದು ಬಿಟರ್ಸ್, ಇನ್ನೊಂದು ಕಿತ್ತಳೆಯದ್ದು.

ನಂಬಿಕೆ ಬರಲಿಲ್ಲವಾ? ಎರಡು ಗ್ಲಾಸ್ ಇಟ್ಟುಕೊಳ್ಳಿ. ಎರಡಕ್ಕೂ 30 ಎಂಎಲ್ ವಿಸ್ಕಿ, ಅರ್ಧ ಚಮಚ ಸಕ್ಕರೆ ಪಾಕ, ದೊಡ್ಡ ಐಸ್. ಒಂದಕ್ಕೆ ಮಾತ್ರ ಒಂದು ಡ್ಯಾಶ್ ಬಿಡಿ. ಕೆಂಪುಗಂದು ಹನಿ ಐಸ್ ಮೇಲೆ ಬಿದ್ದು, ಜಾರಿ, ಹೊಗೆಯ ಎಳೆ ಹಾಗೆ ಕೆಳಗಿಳಿಯುತ್ತದೆ. ಅರ್ಧ ನಿಮಿಷ ಕಲಕಿ. ಬಿಟರ್ಸ್ ಇಲ್ಲದ್ದರಲ್ಲಿ ಮೊದಲು ಸಿಹಿ, ಆಮೇಲೆ ಗಂಟಲು ಸುಡುವ ಖಾರ, ಎರಡೂ ಬೇರೆ ಬೇರೆ ನಿಲ್ಲುತ್ತವೆ. ಇರುವುದರಲ್ಲಿ ಬಾಯಿಗಿಂತ ಮೊದಲು ಮೂಗಿಗೆ ಮಸಾಲೆ ತಾಗುತ್ತದೆ, ಸಿಹಿ ನಾಲಿಗೆಗೆ ಅಂಟಿಕೊಳ್ಳುವುದಿಲ್ಲ. ಕಹಿ ಅಂತ ಗೊತ್ತೂ ಆಗುವುದಿಲ್ಲ, ಅದೇ ಇದರ ಮಜಾ.

ಈಗ ಎಷ್ಟೋ ಜನ ಬಿಟರ್ಸನ್ನೇ ಮನೆಯಲ್ಲಿ ಮಾಡುತ್ತಾರೆ. ಹಳೇ ಔಷಧದಂಗಡಿಯ ಕೆಲಸವೇ ಇದು, ಕಷ್ಟವೇನಿಲ್ಲ. ಶೇ 50ರ ಆಸುಪಾಸಿನ ಮದ್ಯದಲ್ಲಿ ಒಂದೊಂದು ಪದಾರ್ಥವನ್ನೂ ಬೇರೆ ಬೇರೆ ಸೀಸೆಯಲ್ಲಿ ನೆನೆಹಾಕಿ. ಲವಂಗಕ್ಕೆ ಒಂದೆರಡು ದಿನ ಸಾಕು, ಕಿತ್ತಳೆ ಸಿಪ್ಪೆಗೆ ಒಂದು ವಾರವಾದರೂ ಬೇಕು. ಎಲ್ಲ ಒಂದೇ ಸೀಸೆಗೆ ತುರುಕಿದರೆ ಲವಂಗ ಉಳಿದವುಗಳನ್ನು ನುಂಗಿಹಾಕುತ್ತದೆ. ನನ್ನ ಮೊದಲ ಸೀಸೆ ಹಲ್ಲುನೋವಿನ ಮದ್ದಿನ ವಾಸನೆ ಹೊಡೆದು ಚರಂಡಿ ಸೇರಿತು. ಆಮೇಲೆ ಸೋಸಿ, ಡ್ರಾಪರ್‌ನಲ್ಲಿ ಹನಿಹನಿಯಾಗಿ ಬೆರೆಸಿ. ಜೆನ್ಷಿಯನ್ ಬೇರಿನ ಮೇಲೆ ಮಾತ್ರ ಕಣ್ಣಿರಲಿ, ಅದರ ಕಹಿ ಅಂಶ ಕೋಟಿಗಟ್ಟಲೆ ಪಾಲು ನೀರಿಗೆ ಒಂದು ಪಾಲು ಇದ್ದರೂ ನಾಲಿಗೆಗೆ ಗೊತ್ತಾಗುತ್ತದೆ. ಸಿಂಕೋನಾ ತೊಗಟೆಯ ಸಹವಾಸ ಬೇಡ. ಅದರಲ್ಲಿ ಕ್ವಿನೈನ್ ಇರುತ್ತದೆ, ಅಳತೆ ತಪ್ಪಿದರೆ ಕಿವಿಯಲ್ಲಿ ಗುಂಯ್‌ಗುಡುವಿಕೆ, ತಲೆಸುತ್ತು.

ಹನಿ ಲೆಕ್ಕದ ಈ ಪದಾರ್ಥವನ್ನು ಪೆಗ್ ಲೆಕ್ಕದಲ್ಲಿ ಸುರಿದವರೂ ಇದ್ದಾರೆ. ನ್ಯೂಯಾರ್ಕ್‌ನ ಬಾರ್‌ಟೆಂಡರ್ ಜುಸೆಪ್ಪೆ ಗೊನ್ಜಾಲೆಜ್ ಅವರ ಟ್ರಿನಿಡಾಡ್ ಸೌರ್ ಎಂಬ ಕಾಕ್‌ಟೇಲ್‌ನಲ್ಲಿ ಅಂಗೊಸ್ಟುರಾವೇ 45 ಎಂಎಲ್, ವಿಸ್ಕಿ ಬರೀ 15. ಜೊತೆಗೆ 30 ಎಂಎಲ್ ಬಾದಾಮಿ ಸಿರಪ್, 22 ಎಂಎಲ್ ನಿಂಬೆರಸ. ಹುಚ್ಚಾಟ ಅನ್ನಿಸುತ್ತದೆ, ಕುಡಿದರೆ ಚೆನ್ನಾಗಿಯೇ ಇದೆ. ಮಾಡುವ ಮನಸ್ಸಿದ್ದರೆ ಮೊದಲು ಬಾಟಲಿಯ ಕತ್ತಿನಲ್ಲಿರುವ ಆ ಸಣ್ಣ ಪ್ಲಾಸ್ಟಿಕ್ ಬಿರಡೆಯನ್ನು ಚಾಕುವಿನ ತುದಿಯಿಂದ ಮೀಟಿ ತೆಗೆಯಿರಿ. ಇಲ್ಲದಿದ್ದರೆ 45 ಎಂಎಲ್ ಆಗುವಷ್ಟರಲ್ಲಿ ಕುಲುಕಿ ಕುಲುಕಿ ಕೈ ಬಿದ್ದುಹೋಗುತ್ತದೆ.