ಬಟ್ಟೆಯ ರೆಕ್ಕೆ ಆಸ್ಟ್ರೇಲಿಯಾ ಮುಟ್ಟಿದ್ದು ಹೇಗೆ?

ಪ್ರಶ್ನೆ: ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಬ್ರಿಟಿಷ್ ಪೈಲಟ್ ಏಮಿ ಜಾನ್ಸನ್ ಅವರ ‘ಜೇಸನ್’ ವಿಮಾನ ನೋಡಿದೆವು. ಮರ, ಬಟ್ಟೆಯ ಆ ಪುಟ್ಟ ವಿಮಾನ ನಿಜಕ್ಕೂ ಆಸ್ಟ್ರೇಲಿಯಾದವರೆಗೆ ಹಾರಿತ್ತೇ? ದಾರಿಯಲ್ಲಿ ಮುರಿಯಲಿಲ್ಲವೇ?

ಹಾರಿತ್ತು. ದಾರಿಯಲ್ಲಿ ನಾಲ್ಕಾರು ಸಲ ಮುರಿದೂ ಇತ್ತು. ಮುರಿದಲ್ಲೇ ಸರಿಮಾಡಿಕೊಳ್ಳಲು ಆಗುತ್ತಿತ್ತು ಎಂಬುದೇ ಅದು ಗುರಿ ಮುಟ್ಟಿದ್ದರ ಗುಟ್ಟು. ನೀವು ಅನುಮಾನದಿಂದ ನೋಡಿದ ಮರ, ಬಟ್ಟೆಗಳೇ ಅದನ್ನು ಕಾಪಾಡಿದವು.

ಜೇಸನ್ 1928ರಲ್ಲಿ ತಯಾರಾದ, ಡಿ ಹ್ಯಾವಿಲೆಂಡ್ ಕಂಪನಿಯ ‘ಜಿಪ್ಸಿ ಮಾತ್’ ವಿಮಾನ. ಮೈ ಪ್ಲೈವುಡ್ಡಿನದು. ರೆಕ್ಕೆಗಳ ಮರದ ಚೌಕಟ್ಟಿಗೆ ಲಿನನ್ ಬಟ್ಟೆ ಹೊದಿಸಿ, ಮೇಲೆ ‘ಡೋಪ್’ ಎಂಬ ದ್ರಾವಣ ಬಳಿಯುತ್ತಿದ್ದರು. ಅದು ಒಣಗುತ್ತಿದ್ದಂತೆ ಬಟ್ಟೆ ಸೆಟೆದು ಮದ್ದಳೆಯ ಮುಚ್ಚಿಗೆಯಂತೆ ಬಿಗಿಯಾಗುತ್ತದೆ. 100 ಅಶ್ವಶಕ್ತಿಯ ಎಂಜಿನ್ ಗಾಳಿಯಿಂದಲೇ ತಣಿಯುತ್ತಿತ್ತು. ನೀರು ಸೋರುವ ರೇಡಿಯೇಟರಿನ ರಗಳೆ ಇರಲಿಲ್ಲ. ರೇಡಿಯೊ ಕೂಡ ಇರಲಿಲ್ಲ. ದೂರದ ಪ್ರಯಾಣಕ್ಕೆಂದು ಕೂರಿಸಿದ್ದ ಹೆಚ್ಚುವರಿ ಟ್ಯಾಂಕುಗಳಿಂದ ಪೆಟ್ರೋಲನ್ನು ಏಮಿ ಕೈಯಿಂದಲೇ ಪಂಪು ಮಾಡಬೇಕಿತ್ತು.

ಇಂಗ್ಲೆಂಡಿನ ಹಲ್ ಪಟ್ಟಣದ ಮೀನು ವ್ಯಾಪಾರಿಯ ಮಗಳು ಆಕೆ. ‘ಜೇಸನ್’ ಆ ಮನೆತನದ ವ್ಯಾಪಾರದ ಮುದ್ರೆಯ ಹೆಸರು. ಲಂಡನ್ನಿನ ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದುಕೊಂಡೇ ಹಾರಾಟ ಕಲಿತರು. ಬ್ರಿಟನ್ನಿನಲ್ಲಿ ವಿಮಾನ ಮೆಕ್ಯಾನಿಕ್ ಪರವಾನಗಿ ಪಡೆದ ಮೊದಲ ಮಹಿಳೆಯೂ ಅವರೇ. ಪೈಲಟ್ ಪರವಾನಗಿಗಿಂತ ಇದೇ ದೊಡ್ಡದೆಂದು ನನಗನ್ನಿಸುತ್ತದೆ, ಏಕೆಂದರೆ 1930ರ ಮೇ 5ರಂದು ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದಿಂದ ಒಬ್ಬರೇ ಹೊರಟಾಗ ಅದುವರೆಗಿನ ಅವರ ಅತಿ ದೂರದ ಹಾರಾಟ ಲಂಡನ್‌ನಿಂದ ಹಲ್‌ವರೆಗಿನದು ಮಾತ್ರ. ಆಗ ವಯಸ್ಸು 26.

ಆರನೆಯ ದಿನ ಕರಾಚಿ ಮುಟ್ಟಿದಾಗ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಂಟಿಯಾಗಿ ಹಾರಿದ್ದ ಪೈಲಟ್ ಬರ್ಟ್ ಹಿಂಕ್ಲರ್ ಅವರ 1928ರ ದಾಖಲೆಗಿಂತ ಎರಡು ದಿನ ಮುಂದಿದ್ದರು. ಮುಂದೆ ಪೆಟ್ರೋಲು ಸಾಲದೆ ಝಾನ್ಸಿಯ ಸೇನಾ ಕವಾಯತು ಮೈದಾನದಲ್ಲಿ ಇಳಿಯಬೇಕಾಯಿತು. ಬ್ಯಾರಕ್ಕುಗಳ ನಡುವೆ ನುಗ್ಗಿ ರೆಕ್ಕೆಗೆ ಪೆಟ್ಟಾಯಿತು. ಅಲ್ಲಿಯೇ ಅದನ್ನು ಸರಿಪಡಿಸಿಕೊಂಡು ಕಲ್ಕತ್ತಾದತ್ತ ಹೊರಟರು.

ದೊಡ್ಡ ಪೆಟ್ಟು ಬಿದ್ದಿದ್ದು ರಂಗೂನಿನ ಬಳಿಯ ಇನ್ಸೇನ್‌ನಲ್ಲಿ. ಮಳೆಯ ನಡುವೆ ಆಟದ ಮೈದಾನವೊಂದರಲ್ಲಿ ಇಳಿದ ವಿಮಾನ ಅಲ್ಲಿನ ಹಳ್ಳಕ್ಕೆ ನುಗ್ಗಿತು. ಪ್ರೊಪೆಲ್ಲರ್ ಮುರಿಯಿತು, ರೆಕ್ಕೆ ಹರಿಯಿತು. ವಿಮಾನದ ಪಕ್ಕಕ್ಕೆ ಕಟ್ಟಿ ತಂದಿದ್ದ ಇನ್ನೊಂದು ಪ್ರೊಪೆಲ್ಲರ್ ಒದಗಿತು, ಆದರೆ ರೆಕ್ಕೆಗೆ ಬಟ್ಟೆ ಎಲ್ಲಿಂದ ತರುವುದು? ಮೊದಲ ಮಹಾಯುದ್ಧದ ನಂತರ ಉಳಿದ ವಿಮಾನದ ಲಿನನ್ನಿನಿಂದ ಹೊಲಿದ ಅಂಗಿಗಳು ಆ ಊರಿನಲ್ಲಿದ್ದವು. ಅವೇ ರೆಕ್ಕೆಗೆ ತೇಪೆಯಾದವು. ಮೈದಾನ ಅಲ್ಲಿನ ಎಂಜಿನಿಯರಿಂಗ್ ಶಾಲೆಯದು, ಅಲ್ಲಿಯವರೇ ಕೈಜೋಡಿಸಿದರು. ಜಾವಾದಲ್ಲಿ ಬಿದಿರಿನ ಗೂಟಗಳು ರೆಕ್ಕೆಯನ್ನು ತೂತು ಮಾಡಿದಾಗ ಗಾಯಕ್ಕೆ ಹಚ್ಚುವ ಅಂಟುಪಟ್ಟಿಯೇ ಸಾಕಾಯಿತು. ಲೋಹದ ಹೊದಿಕೆಯಾಗಿದ್ದರೆ ಇಂಥ ಕಡೆಗಳಲ್ಲಿ ಏನು ಮಾಡಬಹುದಿತ್ತು, ಯೋಚಿಸಿ.

ಇನ್ಸೇನ್‌ನಲ್ಲಿ ಕಳೆದ ದಿನಗಳಿಂದಾಗಿ ದಾಖಲೆ ಕೈತಪ್ಪಿತು. ಆದರೂ ಮೇ 24ರಂದು, ಸುಮಾರು 18,000 ಕಿಲೋಮೀಟರ್ ದಾಟಿ, ಏಮಿ ಡಾರ್ವಿನ್‌ನಲ್ಲಿ ಇಳಿದರು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಂಟಿಯಾಗಿ ಹಾರಿದ ಮೊದಲ ಮಹಿಳೆ ಅವರು. ಕೆಲವೇ ದಿನಗಳಲ್ಲಿ ಬ್ರಿಸ್ಬೇನ್‌ನಲ್ಲಿ ಇಳಿಯುವಾಗ ಜೇಸನ್ ಮತ್ತೆ ಅಪಘಾತಕ್ಕೀಡಾಯಿತು.

ನೀವು ನೋಡಿದ್ದು ಮಾದರಿಯೇನಲ್ಲ. ಹಸಿರು ಮೈಮೇಲೆ ಬೆಳ್ಳಿಬಣ್ಣದಲ್ಲಿ ‘ಜಿ-ಎಎಎಎಚ್’ ಎಂಬ ನೋಂದಣಿ ಗುರುತು ಬರೆದುಕೊಂಡು ಝಾನ್ಸಿಯಲ್ಲೂ ಇನ್ಸೇನ್‌ನಲ್ಲೂ ಇಳಿದದ್ದು ಅದೇ ವಿಮಾನ.